ಮನೆಗೊಂದು ವೇಪ್: ಎಂಬತ್ತು ವ್ಯಾಟಿನ ಯಂತ್ರ, ಹನ್ನೆರಡು ವ್ಯಾಟಿನ ಬಳಕೆ

ಮೊದಲೇ ಹೇಳಿಬಿಡುತ್ತೇನೆ: ಇದು ಸಿಗರೇಟು ಸೇದುತ್ತಿರುವವರಿಗೆ, ಬಿಡಬೇಕೆಂದು ಒದ್ದಾಡುತ್ತಿರುವವರಿಗೆ, ಅದರಲ್ಲೂ ಬ್ರಿಟನ್ನಿನಲ್ಲಿ ನೆಲೆಸಿರುವವರಿಗೆ ಬರೆದದ್ದು. ವೇಪ್ ಎಂದರೆ ದ್ರವವನ್ನು ಬ್ಯಾಟರಿಯ ಬಲದಿಂದ ಕಾಯಿಸಿ ಆವಿಯಾಗಿ ಎಳೆಯುವ ಇ-ಸಿಗರೇಟು. ಸಿಗರೇಟಿನ ಚಟ ಇಲ್ಲದವರು ಅದನ್ನು ಮುಟ್ಟಲೇಬಾರದು. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಹೇಳುವುದೂ ಅದನ್ನೇ. ಸಿಗರೇಟಿಗಿಂತ ಇದರ ಹಾನಿ ಕಡಿಮೆ, ಆದರೆ ಹಾನಿಯೇ ಇಲ್ಲ ಎಂದಲ್ಲ. ಹದಿನೆಂಟು ತುಂಬದವರಿಗೆ ಮಾರುವುದು ಇಲ್ಲಿ ಅಪರಾಧ.

ನಾನು ಕವೆಂಟ್ರಿಯಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಕಲ್ ನಿರ್ವಹಣೆಯ ಕೆಲಸ ಮಾಡುತ್ತೇನೆ. ಇಲ್ಲಿಗೆ ಬರುವ ಮೊದಲು ಪೀಣ್ಯದಲ್ಲಿದ್ದೆ. ಶಿಫ್ಟ್ ಮುಗಿದೊಡನೆ ಗೇಟಿನ ಎದುರಿನ ಚಹಾ ಅಂಗಡಿ, ಒಂದು ಲೋಟ ಚಹಾ, ಬಿಡಿಯಾಗಿ ಕೊಂಡ ಒಂದು ಸಿಗರೇಟು. ಚಟ ಹತ್ತಿದ್ದು ಅಲ್ಲಿ. ಇಲ್ಲಿಗೆ ಬಂದ ಮೇಲೂ ಬಿಡಲಿಲ್ಲ. ಇಪ್ಪತ್ತರ ಪೊಟ್ಟಣಕ್ಕೆ ಹದಿನೈದು ಪೌಂಡಿನ ಮೇಲೆ ಕೊಡಬೇಕಾದ ದೇಶದಲ್ಲಿ ಆ ಚಟ ಸಂಸಾರದ ಖರ್ಚಿನ ಪಟ್ಟಿಯಲ್ಲೇ ಒಂದು ಸಾಲಾಗಿಬಿಡುತ್ತದೆ. ಕೊನೆಗೆ ಧೂಮಪಾನ ಬಿಡಿಸುವ ಉಚಿತ ಸೇವೆಗೆ ಹೋದೆ. ಅಲ್ಲಿನ ಸಲಹೆಗಾರ್ತಿ ವೇಪ್ ಹಿಡಿಯಲು ಹೇಳಿದರು, ಹಿಡಿದೆ. ಈಗ ಸಿಗರೇಟಿಲ್ಲ.

ಜೇಬಿಗೆ ಪಾಡ್ ಎಂಬ ಸಣ್ಣ ವೇಪ್ ಒಂದು ಸಾಕು, ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಕಷ್ಟವಿರುವುದು ಮನೆಯಲ್ಲಿ. ಕಾರ್ಖಾನೆಯಲ್ಲಿ ಕೈಗೆ ಕೆಲಸವಿರುತ್ತದೆ, ಬಸ್ಸಿನಲ್ಲಿ ಸೇದುವಂತಿಲ್ಲ. ಮನೆಗೆ ಬಂದು, ಊಟ ಮುಗಿಸಿ, ಹಿಂಬಾಗಿಲಿನ ಮೆಟ್ಟಿಲ ಮೇಲೆ ಕುಳಿತಾಗ ಹಳೆಯ ಆಸೆ ಪೂರ್ತಿ ಬಲದಿಂದ ಬರುತ್ತದೆ. ಬೆಳಗಿನಿಂದ ಬಳಸಿದ ಪಾಡ್ ಆ ಹೊತ್ತಿಗೆ ಸರಿಯಾಗಿ ಸೊರಗಿರುತ್ತದೆ. ಎಳೆದರೆ ಗಂಟಲಿಗೆ ಏನೂ ತಾಕುವುದಿಲ್ಲ, ರುಚಿ ಸಪ್ಪೆ. ಸಿಗರೇಟಿಗೆ ಮರಳಿದ ನನ್ನ ಪರಿಚಯದವರಲ್ಲಿ ಹೆಚ್ಚಿನವರು ಮರಳಿದ್ದು ಇಂಥ ಸಂಜೆಗಳಲ್ಲೇ. ಹಾಗಾಗಿ ಮನೆಯಲ್ಲೇ ಇರುವಂಥ, ಸ್ವಲ್ಪ ಗಟ್ಟಿಯಾದ, ಆದರೆ ಕಿಸೆಗೆ ಹೊರೆಯಾಗದ ಯಂತ್ರವೊಂದು ಬೇಕು ಎಂಬುದು ಶೋಕಿಯ ಮಾತಲ್ಲ, ನಿಜವಾದ ಅಗತ್ಯ.

ಆ ಸೊರಗುವಿಕೆಗೆ ಕಾರಣ ಸರಳ. ಲಿಥಿಯಂ ಬ್ಯಾಟರಿ ಪೂರ್ತಿ ತುಂಬಿದಾಗ 4.2 ವೋಲ್ಟ್ ಕೊಡುತ್ತದೆ, ಬರಿದಾಗುತ್ತಾ ಬಂದಂತೆ 3.4ರ ಹತ್ತಿರಕ್ಕೆ ಇಳಿಯುತ್ತದೆ. ಪೆನ್ನಿನ ಆಕಾರದ ಅಗ್ಗದ ಹಲವು ವೇಪ್‌ಗಳು ಬ್ಯಾಟರಿಯ ವೋಲ್ಟೇಜನ್ನೇ ನೇರವಾಗಿ ಕಾಯಿಲ್‌ಗೆ, ಅಂದರೆ ದ್ರವದಲ್ಲಿ ನೆನೆದ ಹತ್ತಿಯನ್ನು ಕಾಯಿಸುವ ತಂತಿಸುರುಳಿಗೆ, ಕಳಿಸುತ್ತವೆ. 1.8 ಓಮಿನ ಕಾಯಿಲ್ ಇದೆ ಎಂದುಕೊಳ್ಳಿ. ವೋಲ್ಟೇಜಿನ ವರ್ಗವನ್ನು ಓಮಿನಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ: ಬೆಳಗ್ಗೆ 9.8 ವ್ಯಾಟ್, ಸಂಜೆ 6.4. ಅಂದರೆ ಮೂರನೇ ಒಂದು ಪಾಲು ಬಲ ಹೋಯಿತು. ವೋಲ್ಟೇಜನ್ನು ಏರಿಸಿ ಇಳಿಸಿ ಒಂದೇ ಮಟ್ಟದಲ್ಲಿ ಹಿಡಿಯುವ ಸರ್ಕ್ಯೂಟ್ ಇರುವ ಯಂತ್ರದಲ್ಲಿ ಹೀಗಾಗುವುದಿಲ್ಲ. ಹನ್ನೆರಡು ಎಂದು ಇಟ್ಟರೆ ಬ್ಯಾಟರಿ ತುಂಬಿದ್ದಾಗಲೂ ಹನ್ನೆರಡು, ಮುಗಿಯುವ ಮುಂಚೆಯೂ ಹನ್ನೆರಡು. ‘ಹೆಚ್ಚು ಶಕ್ತಿಯ ಯಂತ್ರ’ ಎಂದು ನಾನು ಕರೆಯುವುದು ಈ ಸ್ಥಿರತೆಯನ್ನು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ವ್ಯಾಟಿನ ಸಂಖ್ಯೆಯನ್ನಲ್ಲ.

ನಾನು ಕೊಂಡದ್ದು ಆಸ್ಪೈರ್ ಕಂಪನಿಯ ಜೆಲೋಸ್ 3. ಬ್ಯಾಟರಿ ಒಳಗೇ ಕೂಡಿಸಿದ್ದು, 3200 ಎಂಎಎಚ್. ಗರಿಷ್ಠ 80 ವ್ಯಾಟ್. ಜೊತೆಗೆ ಬರುವುದು ಅದೇ ಕಂಪನಿಯ ನಾಟಿಲಸ್ 3 ಟ್ಯಾಂಕ್, ಅಂದರೆ ದ್ರವ ತುಂಬುವ, ಕಾಯಿಲ್ ಕೂರುವ ಭಾಗ. ನಾಟಿಲಸ್ ವೇಪಿಂಗ್ ಬಳಗದಲ್ಲಿ ಹಳೆಯ ಹೆಸರು, ಅದರ ಕಾಯಿಲ್‌ಗಳು ಯಾವ ಊರಿನ ವೇಪ್ ಅಂಗಡಿಗೆ ಹೋದರೂ ಸಿಗುತ್ತವೆ. ನನ್ನ ಲೆಕ್ಕದಲ್ಲಿ ಯಂತ್ರ ಆರಿಸುವಾಗ ಮೊದಲು ನೋಡಬೇಕಾದದ್ದೇ ಇದು. ಯಂತ್ರವನ್ನು ಒಮ್ಮೆ ಕೊಳ್ಳುತ್ತೀರಿ, ಕಾಯಿಲ್‌ಗಳನ್ನು ವರ್ಷವಿಡೀ ಕೊಳ್ಳುತ್ತೀರಿ. ಚಂದದ ಯಂತ್ರ ಕೊಂಡು, ಆರು ತಿಂಗಳಲ್ಲಿ ಅದರ ಕಾಯಿಲ್ ತಯಾರಿಕೆಯೇ ನಿಂತುಹೋದರೆ ಕೈಯಲ್ಲಿ ಉಳಿಯುವುದು ಲೋಹದ ತುಂಡು. ನಾನು ಕೊಟ್ಟದ್ದು ನಲವತ್ತು ಪೌಂಡಿನ ಒಳಗೆ. ಮೂರು ಪೊಟ್ಟಣ ಸಿಗರೇಟಿನ ದುಡ್ಡೂ ಆಗಲಿಲ್ಲ.

ಎಂಬತ್ತು ವ್ಯಾಟ್ ಇದೆಯೆಂದು ಎಂಬತ್ತಕ್ಕೆ ಇಟ್ಟರೆ ಕಾಯಿಲ್ ಒಂದೇ ದಮ್ಮಿಗೆ ಸೀದುಹೋಗುತ್ತದೆ. ಪ್ರತಿ ಕಾಯಿಲ್‌ನ ಪಕ್ಕದಲ್ಲೂ ಅದು ತಡೆಯುವ ವ್ಯಾಟಿನ ಮಿತಿಯನ್ನು ಸಣ್ಣಕ್ಷರದಲ್ಲಿ ಕೊರೆದಿರುತ್ತಾರೆ. ಟ್ಯಾಂಕಿಗೆ ಹಾಕುವ ಮುನ್ನ ಬೆಳಕಿಗೆ ಹಿಡಿದು ಓದಿಕೊಳ್ಳಬೇಕು. ನಾಟಿಲಸ್‌ನ 1.8 ಓಮಿನ ಕಾಯಿಲ್ 10ರಿಂದ 14 ವ್ಯಾಟಿನದು. ನಾನು ಹನ್ನೆರಡಕ್ಕೆ ಇಟ್ಟಿದ್ದೇನೆ, ಅಲ್ಲಿಂದ ಅಲುಗಾಡಿಸಿಲ್ಲ. ಗಾಳಿಯ ಕಿಂಡಿಯನ್ನು ಕಿರಿದಾಗಿಸಿ ಎಳೆದರೆ ಸಿಗರೇಟಿನಂತೆಯೇ ಬಿಗಿಯಾದ ದಮ್ಮು: ಮೊದಲು ಬಾಯಿಗೆ, ಆಮೇಲೆ ಎದೆಗೆ. ಹೊಸದಾಗಿ ಸಿಗರೇಟು ಬಿಟ್ಟವರಿಗೆ ಬೇಕಾದದ್ದು ಈ ದಮ್ಮೇ. ಓಮ್ ಇಳಿದಂತೆ ವ್ಯಾಟ್ ಏರುತ್ತದೆ, ಕಿಂಡಿ ಅಗಲವಾಗುತ್ತದೆ, ಆವಿ ಕೋಣೆ ತುಂಬುತ್ತದೆ, ದಮ್ಮು ಹುಕ್ಕಾದಂತೆ ನೇರ ಎದೆಗೆ ಇಳಿಯುತ್ತದೆ. ಅದು ಬೇರೆಯೇ ಬಗೆಯ ಅಭ್ಯಾಸ. ಸಿಗರೇಟು ಬಿಡಲು ಬಂದವನಿಗೆ ಅದರಿಂದ ಕೆಮ್ಮು ಹತ್ತುವುದೇ ಹೆಚ್ಚು.

ಹಾಸನದ ಕಡೆಯ ಹುಡುಗನೊಬ್ಬ ಇತ್ತೀಚೆಗೆ ನಮ್ಮ ಕಾರ್ಖಾನೆಗೆ ಸೇರಿದ್ದಾನೆ. ಅವನೂ ಸಿಗರೇಟು ಬಿಡುವ ಹಟ ತೊಟ್ಟಿದ್ದಾನೆ. ಅಂಗಡಿಗೆ ಜೊತೆಯಲ್ಲಿ ಹೋದಾಗ ಗಾಜಿನ ಕಪಾಟಿನ ಎದುರು ನಿಂತು, “ಅಣ್ಣ, ಇನ್ನೂರು ವ್ಯಾಟಿನದೂ ಇದೆ. ಬೆಲೆ ಹೆಚ್ಚೇನಿಲ್ಲ. ಅದನ್ನೇ ತೆಗೆದುಕೊಳ್ಳಲೇ?” ಎಂದು ಕೇಳಿದ.

“ಬೇಡಪ್ಪ. ಮೊದಲು ಕಾಯಿಲ್ ಯಾವುದು ಎಂದು ಹೇಳು, ಆಮೇಲೆ ಯಂತ್ರ ನೋಡೋಣ,” ಎಂದೆ.

ಅವನು ತೋರಿಸಿದ್ದು ಗೀಕ್‌ವೇಪ್ ಕಂಪನಿಯ ಏಜಿಸ್ ಲೆಜೆಂಡ್ 2. ಎರಡು 18650 ಬ್ಯಾಟರಿ ಹಾಕುವ ದಪ್ಪ ಯಂತ್ರ, ರಬ್ಬರಿನ ಹೊದಿಕೆ, ಗಟ್ಟಿಮುಟ್ಟು. ಯಂತ್ರದಲ್ಲಿ ಏನೂ ಕೊರತೆಯಿಲ್ಲ. ಆದರೆ ಅವನು ದಿನಕ್ಕೆ ಹತ್ತು ಸಿಗರೇಟಿನವನು, ಬಿಗಿಯಾದ ದಮ್ಮು ಬೇಕಾದವನು. ಇನ್ನೂರರಲ್ಲಿ ಅವನು ಬಳಸುವುದು ಹದಿನೈದನ್ನು ದಾಟುವುದಿಲ್ಲ. ಮಿಕ್ಕಿದ್ದಕ್ಕೆ ದುಡ್ಡು ತೆರುವುದು ಯಾಕೆ? ಅದೂ ಅಲ್ಲದೆ ಬ್ಯಾಟರಿಗಳನ್ನೂ ಚಾರ್ಜರನ್ನೂ ಬೇರೆಯಾಗಿ ಕೊಳ್ಳಬೇಕು.

ಬಿಡಿ ಬ್ಯಾಟರಿಯ ಯಂತ್ರವನ್ನು ನಾನು ತಳ್ಳಿಹಾಕುವುದಿಲ್ಲ. ಒಳಗೇ ಕೂಡಿಸಿದ ಬ್ಯಾಟರಿ ಎರಡು ಮೂರು ವರ್ಷದಲ್ಲಿ ಸತ್ತರೆ ಯಂತ್ರವೂ ಅಲ್ಲಿಗೆ ಮುಗಿಯಿತು. ಬಿಡಿಯದ್ದಾದರೆ ಬ್ಯಾಟರಿ ಬದಲಾಯಿಸಿ ಮುಂದುವರಿಯಬಹುದು. ಆ ದಾರಿ ಬೇಕೆನ್ನುವವರಿಗೆ ಗೀಕ್‌ವೇಪ್‌ನದೇ ಏಜಿಸ್ ಸೋಲೋ 2 ಸಾಕು. ಒಂದೇ 18650, ಗರಿಷ್ಠ 100 ವ್ಯಾಟ್. ಆದರೆ ಅದಕ್ಕೆ ಶಿಸ್ತು ಬೇಕು, ಅದನ್ನು ನನ್ನ ಕಸುಬಿನ ಅನುಭವದಿಂದ ಒತ್ತಿ ಹೇಳುತ್ತೇನೆ. 18650 ಎಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಉಕ್ಕಿನ ಕೊಳವೆ. ಮೇಲಿನ ಗುಂಡಿಯೊಂದನ್ನು ಬಿಟ್ಟು ಇಡೀ ಮೈ ಋಣ ತುದಿಯೇ. ಎರಡಕ್ಕೂ ನಡುವೆ ಇರುವುದು ತೆಳ್ಳಗಿನ ಪ್ಲಾಸ್ಟಿಕ್ ಸಿಪ್ಪೆ ಮತ್ತು ಕಾಗದದಂಥ ಒಂದು ಬಿಲ್ಲೆ. ಆ ಸಿಪ್ಪೆ ಹರಿದಿದ್ದರೆ, ಅಥವಾ ಬ್ಯಾಟರಿಯನ್ನು ಬೀಗದ ಕೈಗಳ ಜೊತೆ ಜೇಬಿಗೆ ಹಾಕಿದರೆ, ಶಾರ್ಟ್ ಆಗಿ ಬೆಂಕಿ ಏಳಬಹುದು. ಕೂದಲೆಳೆಯಷ್ಟು ಹರಿದಿದ್ದರೂ ಬಳಸಬಾರದು. ಸಾಗಿಸುವಾಗ ಪ್ಲಾಸ್ಟಿಕ್ ಡಬ್ಬಿಯಲ್ಲೇ ಇಡಬೇಕು. ಈ ಅಳತೆಯ ಬ್ಯಾಟರಿಯ ಮೇಲೆ 9900 ಎಂಎಎಚ್ ಎಂದು ಅಚ್ಚಾಗಿದ್ದರೆ ಅದು ಶುದ್ಧ ಸುಳ್ಳು; ಅಷ್ಟು ಸಣ್ಣ ಕೊಳವೆಯಲ್ಲಿ ಅದರ ಅರ್ಧವೂ ಹಿಡಿಯದು. ಮನೆಯಲ್ಲಿ ಸಣ್ಣ ಮಕ್ಕಳಿದ್ದು, ಇಷ್ಟೆಲ್ಲ ನೋಡಿಕೊಳ್ಳುವ ವ್ಯವಧಾನ ಇಲ್ಲದಿದ್ದರೆ ಒಳಗೇ ಬ್ಯಾಟರಿ ಇರುವುದೇ ಮೇಲು. ಹಾಸನದ ಹುಡುಗ ಕೊನೆಗೆ ನನ್ನದರಂಥದ್ದನ್ನೇ ಒಯ್ದ.

ಬ್ಯಾಟರಿಯ ಬಾಳಿಕೆಯ ಲೆಕ್ಕವನ್ನೂ ಕೊಡುತ್ತೇನೆ. 3200 ಎಂಎಎಚ್ ಅನ್ನು 3.7 ವೋಲ್ಟಿಗೆ ಗುಣಿಸಿದರೆ ಸುಮಾರು 11.8 ವ್ಯಾಟ್-ಗಂಟೆ. ಹನ್ನೆರಡು ವ್ಯಾಟಿನಲ್ಲಿ ಗುಂಡಿ ಒತ್ತಿ ಹಿಡಿದ ಸಮಯವೆಲ್ಲ ಕೂಡಿ ಹೆಚ್ಚುಕಡಿಮೆ ಒಂದು ಗಂಟೆ. ದಮ್ಮಿಗೆ ಮೂರು ಸೆಕೆಂಡ್ ಹಿಡಿದರೆ ಸಾವಿರದ ಮೇಲೆ; ಸರ್ಕ್ಯೂಟಿನಲ್ಲಿ ನಷ್ಟವಾಗುವುದನ್ನು ಕಳೆದರೂ ಸಾವಿರದ ಹತ್ತಿರ. ಸಾವಿರ ಎಂಎಎಚ್‌ನ ಪಾಡ್ ಅದೇ ವ್ಯಾಟಿನಲ್ಲಿ ಇದರ ಮೂರನೇ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಆದರೆ ಇದೇ ಜೆಲೋಸ್ ಅನ್ನು ಕಡಿಮೆ ಓಮಿನ ಕಾಯಿಲ್ ಹಾಕಿ ನಲವತ್ತು ವ್ಯಾಟಿಗೆ ಏರಿಸಿದರೆ ಬ್ಯಾಟರಿ ಹದಿನೆಂಟು ನಿಮಿಷದ ಒತ್ತುವಿಕೆಗೆ ಖಾಲಿ. ಆಗ ಸಂಜೆಗೆ ಮತ್ತೆ ಚಾರ್ಜಿಗೆ ಇಡಬೇಕು, ದೊಡ್ಡ ಬ್ಯಾಟರಿ ಕೊಂಡ ಉದ್ದೇಶವೇ ವ್ಯರ್ಥ.

ಚಾರ್ಜಿಗೆ ಇಡುವುದು ಅಡುಗೆಮನೆಯ ಕಲ್ಲಿನ ಕಟ್ಟೆಯ ಮೇಲೆ, ನಾನು ಎಚ್ಚರವಿರುವಾಗ, ಕೈಪಿಡಿಯಲ್ಲಿ ಹೇಳಿದ ಅಡಾಪ್ಟರಿನಿಂದ. ಹಾಸಿಗೆಯ ಮೇಲಲ್ಲ, ಸೋಫಾದ ಸಂದಿಯಲ್ಲಲ್ಲ, ಮನೆಯಿಂದ ಹೊರಬೀಳುವ ದಾರಿಯಲ್ಲಿ ಅಂತೂ ಅಲ್ಲವೇ ಅಲ್ಲ. ರಾತ್ರಿಯಿಡೀ ಇಡುವ ಅಭ್ಯಾಸವನ್ನು ಯಾರೂ ಮಾಡಿಕೊಳ್ಳಬೇಡಿ.

ಈ ಟ್ಯಾಂಕಿನ ಬಗ್ಗೆ ಒಂದು ಅತೃಪ್ತಿ ಇದೆ, ಅದು ತಯಾರಕರ ತಪ್ಪಲ್ಲ. ಬ್ರಿಟನ್ನಿನ 2016ರ ನಿಯಮಗಳ ಪ್ರಕಾರ ಟ್ಯಾಂಕಿನಲ್ಲಿ 2 ಮಿಲಿಲೀಟರಿಗಿಂತ ಹೆಚ್ಚು ಹಿಡಿಯುವಂತಿಲ್ಲ, ನಿಕೋಟಿನ್ ಇರುವ ಬಾಟಲಿ 10 ಮಿಲಿಯನ್ನು ಮೀರುವಂತಿಲ್ಲ, ನಿಕೋಟಿನ್ ಪ್ರಮಾಣ ಮಿಲಿಗೆ 20 ಮಿಲಿಗ್ರಾಮ್ ದಾಟುವಂತಿಲ್ಲ. ಬ್ಯಾಟರಿ ಇನ್ನೂ ಬೇಕಾದಷ್ಟಿರುವಾಗ ದ್ರವ ಮುಗಿದಿರುತ್ತದೆ. ಹನ್ನೆರಡು ವ್ಯಾಟಿನಲ್ಲಿ ಇದು ದೊಡ್ಡ ತೊಂದರೆಯಲ್ಲ, ಸಂಜೆಗೊಮ್ಮೆ ತುಂಬಿದರೆ ನಡೆಯುತ್ತದೆ. ನಲವತ್ತರಲ್ಲಿ ಬಳಸುವವರು ಮಾತ್ರ ಬಾಟಲಿಯನ್ನು ಪಕ್ಕದಲ್ಲೇ ಇಟ್ಟುಕೊಂಡು ಕೂರಬೇಕಾಗುತ್ತದೆ.

ದ್ರವವನ್ನು ಕಾಯಿಲ್ ನೋಡಿ ಆರಿಸಬೇಕು. ಇದರಲ್ಲಿರುವುದು ಪ್ರೊಪಿಲೀನ್ ಗ್ಲೈಕಾಲ್, ಸಸ್ಯಜನ್ಯ ಗ್ಲಿಸರಿನ್, ಪರಿಮಳ, ನಿಕೋಟಿನ್. ಗ್ಲಿಸರಿನ್ ಹೆಚ್ಚಾದಷ್ಟೂ ದ್ರವ ಮಂದವಾಗುತ್ತದೆ. 1.8 ಓಮಿನ ಕಾಯಿಲ್‌ನ ಕಿಂಡಿಗಳು ಸಣ್ಣವು, ಅವಕ್ಕೆ ಗ್ಲೈಕಾಲ್, ಗ್ಲಿಸರಿನ್ ಎರಡೂ ಸಮಸಮವಾಗಿರುವ ತೆಳು ದ್ರವವೇ ಸರಿ. ಎಪ್ಪತ್ತು ಪಾಲು ಗ್ಲಿಸರಿನ್ ಇರುವುದನ್ನು ಹಾಕಿದರೆ ಅದು ಹತ್ತಿಗೆ ಇಳಿಯುವಷ್ಟರಲ್ಲಿ ಹತ್ತಿ ಒಣಗಿ ಸೀಯುತ್ತದೆ. ಆ ರುಚಿ ಒಮ್ಮೆ ನಾಲಗೆಗೆ ತಾಕಿದರೆ ಮರೆಯುವುದಿಲ್ಲ, ಕಾಯಿಲ್ ಕಿತ್ತೆಸೆಯುವುದೊಂದೇ ದಾರಿ. ನಿಕೋಟಿನ್ ಪ್ರಮಾಣವೂ ಹಾಗೆಯೇ. ದಿನಕ್ಕೊಂದು ಪೊಟ್ಟಣ ಮುಗಿಸುತ್ತಿದ್ದವರು ಬಿಗಿ ದಮ್ಮಿನ ಕಾಯಿಲ್‌ನಲ್ಲಿ ಹೆಚ್ಚಿನ ಪ್ರಮಾಣದಿಂದಲೇ ಆರಂಭಿಸುವುದುಂಟು. ಅದನ್ನೇ ದೊಡ್ಡ ಆವಿಯ ಕಾಯಿಲ್‌ಗೆ ಹಾಕಿದರೆ ತಲೆ ತಿರುಗಿ ವಾಕರಿಕೆ ಬರುತ್ತದೆ; ಅಲ್ಲಿ ಮೂರೋ ಆರೋ ಮಿಲಿಗ್ರಾಮ್ ಸಾಕು. ನನಗೆ ಎಷ್ಟು ಬೇಕು ಎಂಬುದನ್ನು ಸಲಹೆಗಾರ್ತಿಯ ಜೊತೆ ಕೂತು ನಿರ್ಧರಿಸಿದೆ. ಕೌಂಟರಿನ ಹುಡುಗನ ಮಾತಿನ ಮೇಲೆ ಬಿಡಲಿಲ್ಲ.

ಹೊಸ ಕಾಯಿಲ್ ಹಾಕುವ ಕ್ರಮವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಂತ್ರ ಸರಿಯಿಲ್ಲ ಎಂಬ ದೂರುಗಳಲ್ಲಿ ಬಹಳಷ್ಟು ಇಲ್ಲಿಂದಲೇ ಹುಟ್ಟುತ್ತವೆ. ಕಾಯಿಲ್‌ನ ಪಕ್ಕದ ಕಿಂಡಿಗಳಲ್ಲಿ ಬಿಳಿ ಹತ್ತಿ ಕಾಣುತ್ತದೆ. ಒಂದೊಂದು ಕಿಂಡಿಗೂ ಒಂದೊಂದು ಹನಿ ಬಿಡಿ. ಹತ್ತಿ ನೆನೆದು ಬಣ್ಣ ಮಂಕಾಗುವುದನ್ನು ಕಣ್ಣಾರೆ ನೋಡಿ. ಆಮೇಲೆ ಟ್ಯಾಂಕಿನ ಬುಡಕ್ಕೆ ಕೂರಿಸಿ, ದ್ರವ ತುಂಬಿ, ಹತ್ತು ನಿಮಿಷ ಹಾಗೇ ನಿಲ್ಲಿಸಿಡಿ. ನಂತರ ಕಾಯಿಲ್‌ನ ಮಿತಿಯ ಕೆಳ ತುದಿಯಿಂದ, ಅಂದರೆ ಹತ್ತು ವ್ಯಾಟಿನಿಂದ ಶುರುಮಾಡಿ. ರುಚಿ ತುಂಬಿ ಬರುವವರೆಗೆ ಅರ್ಧರ್ಧ ವ್ಯಾಟ್ ಏರಿಸಿ, ಅಲ್ಲಿಗೆ ನಿಲ್ಲಿಸಿ. ನನ್ನ ಹೆಂಡತಿ ಚಹಾ ಸೋಸಿ ತರುವಷ್ಟರಲ್ಲಿ ಈ ಕೆಲಸ ಮುಗಿದಿರುತ್ತದೆ. ಸಿಹಿ ಹೆಚ್ಚಿರುವ ದ್ರವಗಳು ಕಾಯಿಲ್ ಮೇಲೆ ಕಪ್ಪು ಕಿಟ್ಟ ಕಟ್ಟುತ್ತವೆ, ಕಾಯಿಲ್ ಬೇಗ ಸಾಯುತ್ತದೆ. ಪುದೀನ ಅಥವಾ ತಂಬಾಕಿನ ಪರಿಮಳದ ಸಾದಾ ದ್ರವಗಳಲ್ಲಿ ಹೆಚ್ಚು ದಿನ ಬರುತ್ತದೆ.

ಬಾಟಲಿಗಳನ್ನು ಔಷಧಿಯ ಕಪಾಟಿನಲ್ಲಿ, ಬೀಗದೊಳಗೆ ಇಡುತ್ತೇನೆ. ಮಿಲಿಗೆ 20 ಮಿಲಿಗ್ರಾಮಿನ 10 ಮಿಲಿಯ ಒಂದು ಸಣ್ಣ ಬಾಟಲಿಯಲ್ಲಿ 200 ಮಿಲಿಗ್ರಾಮ್ ನಿಕೋಟಿನ್ ಇರುತ್ತದೆ. ಮಗು ಕುಡಿದರೆ ಪ್ರಾಣಕ್ಕೇ ಕುತ್ತು. ಮುಚ್ಚಳ ಒತ್ತಿ ತಿರುಗಿಸುವಂಥದ್ದೇ ಆದರೂ ಅದನ್ನೇ ನಂಬಿ ಕೂರಬಾರದು. ಕೈ ಮೇಲೆ ಚೆಲ್ಲಿದರೆ ಕೂಡಲೇ ತೊಳೆಯಬೇಕು. ಮನೆಯೊಳಗೆ ಮಗಳಿರುವಾಗ ನಾನು ಸೇದುವುದಿಲ್ಲ. ‘ಮನೆ ಬಳಕೆ’ ಎಂದರೆ ನಮ್ಮಲ್ಲಿ ಹಿತ್ತಿಲಿನ ಮೆಟ್ಟಿಲು.

2025ರ ಜೂನ್ 1ರಿಂದ ಇಲ್ಲಿ ಒಮ್ಮೆ ಬಳಸಿ ಎಸೆಯುವ ವೇಪ್‌ಗಳ ಮಾರಾಟ ನಿಷೇಧವಾಗಿದೆ. ಒಳ್ಳೆಯದೇ ಆಯಿತು. ಬಣ್ಣಬಣ್ಣದ ಆ ಕಡ್ಡಿಗಳು ಲಿಥಿಯಂ ಬ್ಯಾಟರಿ ಸಮೇತ ಚರಂಡಿಯ ಬದಿಗಳಲ್ಲಿ ಬಿದ್ದಿರುತ್ತಿದ್ದವು. ಹಳೆಯ ಯಂತ್ರಗಳನ್ನು ಕಸದ ಬುಟ್ಟಿಗೆ ಹಾಕಬೇಡಿ. ವೇಪ್ ಮಾರುವ ಅಂಗಡಿಗಳು ಅವನ್ನು ಮರಳಿ ಪಡೆಯುವ ವ್ಯವಸ್ಥೆ ಮಾಡಿರಬೇಕು ಎಂಬ ನಿಯಮವಿದೆ.

ಊರಿಗೆ ಹೋಗುವಾಗ ಇದನ್ನು ಸೂಟ್‌ಕೇಸಿನಲ್ಲಿ ಹಾಕಿಕೊಳ್ಳುವ ಯೋಚನೆಯೇ ಬೇಡ. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ಮಾರಾಟವನ್ನು ನಿಷೇಧಿಸಿತು. 2019ರಲ್ಲಿ ಕೇಂದ್ರದ ಕಾಯ್ದೆ ಬಂದು ತಯಾರಿಕೆ, ಆಮದು, ಮಾರಾಟ, ಸಾಗಣೆ, ಸಂಗ್ರಹ, ಜಾಹೀರಾತು ಎಲ್ಲವನ್ನೂ ದೇಶಾದ್ಯಂತ ನಿಲ್ಲಿಸಿತು. ಆಮದಿಗೆ ಮೊದಲ ಬಾರಿಗೇ ಒಂದು ವರ್ಷದವರೆಗೆ ಸೆರೆಮನೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ದೇವನಹಳ್ಳಿಯಲ್ಲಿ ಇಳಿದ ಮೇಲೆ ‘ನನ್ನ ಸ್ವಂತ ಬಳಕೆಗೆ’ ಎಂದು ವಾದಿಸುವ ಪರಿಸ್ಥಿತಿ ಯಾರಿಗೂ ಬರಬಾರದು. ನಾನು ಊರಿಗೆ ಹೋಗುವಾಗ ನಿಕೋಟಿನ್ ಪ್ಯಾಚ್ ಮತ್ತು ಗಮ್ ಒಯ್ಯುತ್ತೇನೆ. ಜಗಲಿಯಲ್ಲಿ ಭಾವ ಬೀಡಿ ಹಚ್ಚಿದಾಗ ಎದ್ದು ತೋಟದ ಕಡೆ ಹೋಗುತ್ತೇನೆ.

ಇನ್ನು ಖರ್ಚಿನ ಮಾತು. ಸರ್ಕಾರ ಪ್ರಕಟಿಸಿರುವ ಪ್ರಕಾರ 2026ರ ಅಕ್ಟೋಬರ್ 1ರಿಂದ ವೇಪ್ ದ್ರವದ ಮೇಲೆ ಪ್ರತಿ 10 ಮಿಲಿಗೆ 2.20 ಪೌಂಡ್ ಸುಂಕ, ಅದರ ಮೇಲೆ ಮೌಲ್ಯವರ್ಧಿತ ತೆರಿಗೆ. ನಿಕೋಟಿನ್ ಇರಲಿ ಬಿಡಲಿ, ದರ ಒಂದೇ. ನಿಕೋಟಿನ್ ಇಲ್ಲದ 50 ಮಿಲಿಯ ದೊಡ್ಡ ಬಾಟಲಿಗೆ 18 ಮಿಲಿಗ್ರಾಮಿನ 10 ಮಿಲಿ ಬೆರೆಸಿ, ಮಿಲಿಗೆ 3 ಮಿಲಿಗ್ರಾಮಿನ 60 ಮಿಲಿ ಮಾಡಿಕೊಳ್ಳುವವರು ಈವರೆಗೆ ಅಗ್ಗದಲ್ಲಿ ಸಾಗಿಸುತ್ತಿದ್ದರು. ಅವರಿಗೆ ಒಂದು ಬಾಟಲಿಗೇ 13 ಪೌಂಡಿನ ಮೇಲೆ ಸುಂಕ ಬೀಳುತ್ತದೆ. ಬಿಗಿ ದಮ್ಮಿನ ಕಾಯಿಲ್‌ನಲ್ಲಿ ದಿನಕ್ಕೆ 3 ಮಿಲಿ ಖರ್ಚಾದರೆ ತಿಂಗಳಿಗೆ 90 ಮಿಲಿ, ಸುಂಕವೇ 19.80 ಪೌಂಡ್. ದೊಡ್ಡ ಆವಿಯ ಕಾಯಿಲ್‌ನಲ್ಲಿ ದಿನಕ್ಕೆ 8 ಮಿಲಿ ಹೋದರೆ 52.80. ಯಂತ್ರದ ಬೆಲೆಗಿಂತ ಹೆಚ್ಚು, ಅದೂ ಪ್ರತಿ ತಿಂಗಳು. ಹಾಗಾಗಿ ಜೆಲೋಸ್‌ಗೆ ಮೊನ್ನೆ ನಾನು ಕೊಂಡದ್ದು ಮತ್ತದೇ 1.8 ಓಮಿನ ಐದು ಕಾಯಿಲ್‌ಗಳ ಪೊಟ್ಟಣ. ಹಾಸನದ ಹುಡುಗನಿಗೂ ಒಂದು ತೆಗೆದುಕೊಟ್ಟೆ.